ಮಸಗುಪ್ಪಿಗೆ ಕೊಟ್ಟ ನಾಯಿ

ನನಗೆ ನಾಯಿ ಕಂಡರೆ ಬಹಳ ಪ್ರೀತಿ ಎಂದು ಗೋಕಾಕದಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಹಬ್ಬಿಸಿದವರು ಸಿಕ್ಕರೆ ನಾಲ್ಕು ಮಾತು ಕೇಳಬೇಕು ಎಂದುಕೊಂಡಿದ್ದೇನೆ. ಆ ಸುದ್ದಿ ಹಬ್ಬಿದಾಗಿನಿಂದ ನನ್ನ ಖಾನಾವಳಿಯ ಹಿತ್ತಲ ಬಾಗಿಲಿಗೆ ಆಗಾಗ ಒಂದು ಗೋಣಿಚೀಲ ಬಂದು ಬೀಳುತ್ತದೆ. ಬಾಯಿ ಕಟ್ಟಿದ ಚೀಲ, ಒಳಗೆ ಕುಂಯ್ ಕುಂಯ್ ಸದ್ದು. ಬಿಚ್ಚಿದರೆ ಎಲ್ಲವೂ ಹೆಣ್ಣು ಮರಿಗಳು. ಗಂಡು ಮರಿಗಳನ್ನು ಊರವರು ಆರಿಸಿಕೊಂಡು, ಉಳಿದದ್ದನ್ನು ನನಗೆ ದಾನ ಮಾಡಿರುತ್ತಾರೆ. ಬೇಸಿಗೆಯಲ್ಲಿ ಚೀಲ ಬಿಚ್ಚುವ ಹೊತ್ತಿಗೆ ಒಂದೆರಡು ಸತ್ತೇ ಹೋಗಿರುತ್ತವೆ. ಅವನ್ನು ಬೇರೆ ಇಡುತ್ತೇನೆ, ಬದುಕಿದ್ದವಕ್ಕೆ ಹಾಲು ಹಾಕುತ್ತೇನೆ, ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದು ರೊಟ್ಟಿ ಬಡಿಯುತ್ತೇನೆ. ಗಿರಾಕಿಗಳಿಗೆ ಇದೆಲ್ಲ ಗೊತ್ತಾಗಬಾರದು. ಗೊತ್ತಾದರೆ ಊಟಕ್ಕೆ ಬರುವುದಿಲ್ಲ.

ಈ ಕೆಲಸದಲ್ಲಿ ನಾವು ಇಬ್ಬರೇ. ನಾನು ಗೌರಕ್ಕ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವವಳು. ಇನ್ನೊಬ್ಬಳು ಸಪ್ನಾ, ಮೂಡಲಗಿಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುವ ಹುಡುಗಿ. ನಾಯಿಗಳನ್ನು ಇಟ್ಟುಕೊಂಡು, ಸೂಜಿ ಹಾಕಿಸಿ, ಹೆಣ್ಣುಗಳಿಗೆ ಆಪರೇಷನ್ ಮಾಡಿಸುವುದು ನಾನು. ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಮನೆ ಹುಡುಕುವುದು ಅವಳು. ಕೊಟ್ಟ ಮೇಲೆ ಆ ಮನೆಗೆ ಹೋಗಿ ನೋಡಿ ಬರುವುದು ಮತ್ತೆ ನಾನೇ, ಜಗಳವಾಡುವುದೂ ನಾನೇ. ಸಪ್ನಾ ಮೆತ್ತಗಿನವಳು, ಅವಳಿಗೆ ಜಗಳ ಬರುವುದಿಲ್ಲ.

ಫೋನುಗಳೇನೋ ಬರುತ್ತವೆ. "ಗಂಡ ಐತೇನ್ರಿ?" ಎನ್ನುವುದು ಮೊದಲ ಪ್ರಶ್ನೆ. ಹೆಣ್ಣು ಎಂದರೆ, "ಮನ್ಯಾಗ ಕೇಳಿ ಹೇಳ್ತೇನ್ರಿ." ಆ ಮನೆಯವರು ಇವತ್ತಿನವರೆಗೂ ಏನೂ ಹೇಳಿಲ್ಲ. ಆಪರೇಷನ್ ಆಗಿದೆ, ಮರಿ ಹಾಕುವುದಿಲ್ಲ ಎಂದು ಬಿಡಿಸಿ ಹೇಳಿದರೆ ಒಬ್ಬ, "ಹಂಗಾದ್ರ ಅದು ಬೊಗಳತೈತೇನ್ರಿ?" ಎಂದು ಕೇಳಿದ. ನಿನ್ನ ಹೆಂಡತಿಗೆ ಆಪರೇಷನ್ ಆದ ಮೇಲೆ ಬಾಯಿ ನಿಂತಿದೆಯೇನಪ್ಪಾ ಎಂದೆ. ಫೋನು ಇಟ್ಟುಬಿಟ್ಟ. ಸಪ್ನಾ ತಲೆ ಚಚ್ಚಿಕೊಂಡಳು.

ಹುಕ್ಕೇರಿಯ ಅಪ್ಪಣ್ಣನ ವಿಷಯ ಹೇಳದೆ ಮುಂದೆ ಹೋದರೆ, ನನ್ನ ಕಾಯಿದೆ ಯಾಕೆ ಅಷ್ಟು ಬಿಗಿ ಎಂಬುದು ನಿಮಗೆ ತಿಳಿಯುವುದಿಲ್ಲ. ಅಪ್ಪಣ್ಣನದು ಸಿಮೆಂಟು, ಕಬ್ಬಿಣದ ವ್ಯಾಪಾರ. ನಮ್ಮಿಂದ ಒಂದು ಕೆಂದು ಬಣ್ಣದ ನಾಯಿಯನ್ನು ಒಯ್ದ. ಒಯ್ಯುವಾಗ ಅದರ ಕೊರಳಿಗೆ ಹೂವಿನ ಮಾಲೆ ಹಾಕಿ, ನಮಗೆಲ್ಲ ಪೇಢೆ ಹಂಚಿ, "ಮಗನ ಹಂಗ ನೋಡ್ಕೋತೇನ್ರಿ" ಎಂದ. ಪೇಢೆ ತಿಂದು ನಂಬಿದೆ. ಕೆಲವು ತಿಂಗಳ ನಂತರ ಹುಕ್ಕೇರಿಗೆ ಒಂದು ಸೀಮಂತಕ್ಕೆ ಹೋದವಳು ಅವನ ಗೋದಾಮಿನ ಕಡೆ ಹಣಿಕಿ ಹಾಕಿದೆ. ನಾಯಿಯನ್ನು ಹಿಂದುಗಡೆ ಗಿಡ್ಡ ಸರಪಳಿಯಲ್ಲಿ ಬಿಸಿಲಿಗೆ ಕಟ್ಟಿದ್ದರು. ಕೊರಳ ಸುತ್ತ ಮಾಂಸ ಕಾಣುತ್ತಿತ್ತು. ಕಿವಿಯ ಒಳಗೆಲ್ಲ ಹುಣಸೆಬೀಜ ಅಂಟಿಸಿದಂತೆ ಉಣ್ಣಿಗಳು, ರಕ್ತ ಕುಡಿದು ಉಬ್ಬಿದ್ದವು. ಮನೆಗೆ ತಂದೆ. ಉಚ್ಚೆ ಕೆಂಪಗೆ ಹೋಗುತ್ತಿತ್ತು. ಉಣ್ಣಿ ಜ್ವರ, ಮೈಯಲ್ಲಿ ರಕ್ತವೇ ಉಳಿದಿಲ್ಲ ಎಂದರು ಡಾಕ್ಟರು. ಹಿತ್ತಲಲ್ಲಿ ನನ್ನ ಎದುರೇ ಸತ್ತಿತು. ಅಪ್ಪಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಬೈದೆ. ಅವನು ಸಾವಧಾನವಾಗಿ, "ನಾಯಿನ ಹೌದಲ್ರಿ ಅಕ್ಕಾರ, ಮತ್ತೊಂದ ಕೊಡ್ರಿ" ಎಂದ.

ಅವತ್ತಿನಿಂದ ಕಾಯಿದೆ ಆಯಿತು. ಯಾರಿಗೇ ಕೊಡಲಿ, ಮೊದಲ ಒಂದು ತಿಂಗಳು ನಾಯಿ ನಮ್ಮದೇ. ತಿಂಗಳು ತುಂಬಿದ ಮೇಲೆ ನಾನು ಹೋಗಿ ಕೊರಳು ನೋಡುತ್ತೇನೆ, ಕಿವಿ ನೋಡುತ್ತೇನೆ. ಹಗ್ಗದ ಗುರುತು ಕಂಡರೂ ವಾಪಸು, ಒಂದು ಉಣ್ಣಿ ಕಂಡರೂ ವಾಪಸು. ಎಲ್ಲ ಸರಿ ಇದ್ದರೆ 'ನಿಮ್ಮದು' ಎಂದು ಹೇಳಿ ಬರುತ್ತೇನೆ. ಸಪ್ನಾ ಒಮ್ಮೆ, "ಸ್ವಲ್ಪ ಸಡ್ಲ ಬಿಡ್ರಿ ಗೌರಕ್ಕಾರ, ಮಂದಿ ಅಂಜತಾರ" ಎಂದಳು. ಅಂಜಲಿ ಅಂತಲೇ ಮಾಡಿದ್ದು ಎಂದೆ.

ಆ ಕರಿ ನಾಯಿ ಮಳೆಗಾಲದಲ್ಲಿ ಬಂದದ್ದು. ಹೆಣ್ಣು, ಹಣೆಯ ಮೇಲೆ ಒಂದು ಬಿಳಿ ಚುಕ್ಕಿ, ಮರಿಯ ವಯಸ್ಸು ದಾಟಿತ್ತು. ಕರಿ ಬಣ್ಣ, ಹೆಣ್ಣು ಜಾತಿ, ಜೊತೆಗೆ ವಯಸ್ಸು. ಇದಕ್ಕಿಂತ ಕೆಟ್ಟ ಜಾತಕ ಬೇಕೆ? ಸಪ್ನಾ ಅದರ ಫೋಟೊ ಹಾಕಿ ಹಾಕಿ ಸಾಕಾದಳು. ನಾನು ಹೆಸರು ಇಟ್ಟಿರಲಿಲ್ಲ. ಹೆಸರು ಇಡುವುದು ಒಯ್ಯುವವರ ಕೆಲಸ, ನಾನು ಇಟ್ಟರೆ ನನಗೆ ಬಿಡಲಾಗುವುದಿಲ್ಲ. ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಒಂದು ಫೋನು ಬಂತು. ಹೆಣ್ಣುಮಗಳ ದನಿ.

"ಕರೀ ನಾಯಿ ಇನ್ನಾ ಐತೇನ್ರಿ ಅಕ್ಕಾರ?"

"ಐತಿ. ಹೆಣ್ಣ ಐತಿ ನೋಡವಾ, ಮೊದಲ ಹೇಳ್ತೇನಿ."

"ನಡೀತೇತ್ರಿ. ನಂಗ ಜತಿಗೆ ಬೇಕಾಗೇತ್ರಿ."

ಅವಳ ಹೆಸರು ಸತ್ತೆವ್ವ. ಗಂಡ ಶೆಟ್ಟೆಪ್ಪನ ಜೊತೆ ಮಸಗುಪ್ಪಿಯ ಹೊರಗೆ ಒಬ್ಬ ಸಾಹುಕಾರರ ಹೊಲದಲ್ಲಿ ಇರುವವಳು. ಜತೆಯಲ್ಲಿ ಕಬ್ಬು ಕಟ್ಟುವ ಹೆಂಗಸೊಬ್ಬಳ ಫೋನಿನಲ್ಲಿ ಸಪ್ನಾ ಹಾಕಿದ ಫೋಟೊ ನೋಡಿದ್ದಳಂತೆ.

ನಾಯಿಯನ್ನು ಸ್ಕೂಟಿಯ ಮುಂದೆ ಕೂರಿಸಿಕೊಂಡು ನಾನೇ ಒಯ್ದೆ. ನಾಲ್ಕೂ ಕಡೆ ಆಳೆತ್ತರದ ಕಬ್ಬು, ನಡುವೆ ತಗಡಿನ ಒಂದು ಕೋಣೆ, ಪಕ್ಕದಲ್ಲಿ ಸಾಹುಕಾರರ ಎತ್ತುಗಳ ಕೊಟ್ಟಿಗೆ. ಇನ್ನೊಂದು ಮನೆ ಕಣ್ಣಿಗೆ ಬೀಳುವುದಿಲ್ಲ. ಮೋಟರಿಗೆ ಕರೆಂಟು ಕೊಡುವುದು ರಾತ್ರಿ. ಹೀಗಾಗಿ ಕತ್ತಲಾದ ಮೇಲೆ ಶೆಟ್ಟೆಪ್ಪ ಬ್ಯಾಟರಿ ಹಿಡಿದು ನೀರು ತಿರುಗಿಸಲು ಹೋದರೆ ಬರುವುದು ಬೆಳಿಗ್ಗೆ. ಸತ್ತೆವ್ವ ಒಬ್ಬಳೇ ಇರಬೇಕು.

ಅವಳು ನಾಯಿಯನ್ನು ನೋಡಿ ಮುಟ್ಟಲಿಲ್ಲ, ನೆಲಕ್ಕೆ ಕುಳಿತಳು. ನಾಯಿಯೇ ಹೋಗಿ ಅವಳ ಸೆರಗು ಮೂಸಿತು. "ಚಂದ್ರಿ ಅಂತೇನಿ ನೋಡ್ರಿ, ಹಣಿ ಮ್ಯಾಲ ಚಂದ್ರ ಐತಿ" ಎಂದಳು. ಎಷ್ಟು ಸಲೀಸಾಗಿ ಹೆಸರು ಸಿಕ್ಕಿತು ಎಂದು ನನಗೆ ಒಳಗೊಳಗೆ ಖುಷಿಯಾಯಿತು. ಆದರೆ ತೋರಿಸಲಿಲ್ಲ. ನಗುನಗುತ್ತ ಪೇಢೆ ಹಂಚಿದವನನ್ನು ನಾನು ಕಂಡಿದ್ದೆನಲ್ಲ.

"ಸತ್ತೆವ್ವಾ, ಇಲ್ಲಿ ಕೇಳ. ಕೊರಳಿಗೆ ಹಗ್ಗ ಹಾಕಬಾರದು. ಒಂದ ಘಳಿಗಿನೂ ಹಾಕಬಾರದು. ಕಿವ್ಯಾಗ ಉಣ್ಣಿ ಇರಬಾರದು. ತಿಂಗಳಾದ ಮ್ಯಾಲ ನಾ ಬರ್ತೇನಿ, ಕಂಡ್ರ ಅಲ್ಲೇ ಎತ್ಕೊಂಡ ಹೋಗ್ತೇನಿ. ಅತ್ರೂ ಬಿಡಂಗಿಲ್ಲ, ಕಾಲಿಗೆ ಬಿದ್ರೂ ಬಿಡಂಗಿಲ್ಲ."

"ಅಲ್ಲಿ ತನಕ ನಿಮ್ಮದೇನ್ರಿ?"

"ನಮ್ಮದು."

"ಆತ್ರಿ" ಎಂದು ಅವಳು ತಲೆ ಆಡಿಸಿದಳು. ನನ್ನ ಮಾತನ್ನು ಅಷ್ಟು ಗಂಭೀರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಆಮೇಲೆ ದಿನಾ ಸಂಜೆ ಫೋನು. ಚಂದ್ರಿ ಎರಡು ರೊಟ್ಟಿ ತಿಂದಿತು, ಚಂದ್ರಿ ಇಲಿ ಹಿಡಿಯಿತು, ಚಂದ್ರಿ ಎತ್ತಿನ ಹತ್ತಿರವೇ ಮಲಗುತ್ತದೆ. ನನಗೆ ಗಿರಾಕಿಗಳಿಗೆ ಬಡಿಸುವ ಹೊತ್ತು. ಒಂದು ದಿನ ರೇಗಿ, "ಏನವಾ, ನಾಯಿ ಸಾಕಾಕತ್ತೀಯೋ, ಬಾಣಂತನ ಮಾಡಾಕತ್ತೀಯೋ?" ಎಂದೆ. ಅವಳು ನಕ್ಕಳು. ನಗುವುದು ನಿಂತ ಮೇಲೂ ಫೋನು ಇಡಲಿಲ್ಲ.

"ಅಕ್ಕಾರ, ಒಂದ ಮಾತ ಹೇಳ್ಲೇನ್ರಿ? ನಮ್ಮ ಮನಿಯವ್ರಿಗೆ ಹೇಳಿಲ್ರಿ ಇದನ್ನ."

"ಹೇಳ."

"ಇವ್ರು ನೀರ ತಿರಗ್ಸಾಕ ಹೋದ ಮ್ಯಾಲ ಯಾರೋ ಬಂದು ಬಾಗಲಾ ಬಡೀತಿದ್ರ್ರಿ. ಮಾತಾಡ್ತಿರಲಿಲ್ಲ, ಸುಮ್ನ ಬಡೀತಿದ್ರು. ಕುಡಗೋಲ ಹಿಡ್ಕೊಂಡ ಕುಂಡ್ರತಿದ್ನಿ, ಬೆಳಗಾಗೂತನಕ. ಚಂದ್ರಿ ಬಂದ ಮ್ಯಾಲ ಒಮ್ಮಿ ಬಂದಿದ್ರು. ಹರ್ಕೊಂಡ ತಿನ್ನೂ ಹಂಗ ಬೆನ್ನ ಹತ್ತೇತ್ರಿ. ಮತ್ತ ಬಂದಿಲ್ಲ. ಈಗ ನಿದ್ದಿ ಹತ್ತತೇತ್ರಿ ಅಕ್ಕಾರ."

ಸಾರಿನ ಸೌಟು ಕೆಳಗಿಟ್ಟೆ. ಗಂಡನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಅವನು ರಾತ್ರಿ ಕೆಲಸ ಬಿಡುತ್ತಾನೆ, ಬಿಟ್ಟರೆ ಸಾಹುಕಾರರು ಜಾಗ ಬಿಡಿಸುತ್ತಾರೆ, ಮತ್ತೆ ಎಲ್ಲಿಗೆ ಹೋಗುವುದು ಎಂದಳು. ಆಗಲೇ, ಆ ಕ್ಷಣವೇ, 'ನಾಯಿ ನಿನ್ನದು' ಎನ್ನಬಹುದಿತ್ತು. ನನ್ನ ನಾಲಿಗೆಗೆ ಬಂದದ್ದು ಬೇರೆ.

"ಉಣ್ಣಿ ಅದಾವೇನ?"

"ಇಲ್ರಿ. ಒಂದೂ ಇಲ್ರಿ" ಎಂದಳು.

ಕೊಟ್ಟಿಗೆಯಲ್ಲಿ ಎತ್ತಿನ ಜೊತೆ ಮಲಗುವ ನಾಯಿಗೆ ಉಣ್ಣಿ ಇಲ್ಲವೆಂದರೆ ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. ಹೋದಾಗ ಔಷಧ ಒಯ್ದರಾಯಿತು, ನಾಯಿಗೆಂದೇ ಬರುವ ಹನಿ ಔಷಧ ಮನೆಯಲ್ಲಿತ್ತು, ಎರಡು ಬೈಗುಳ ಬೈದು ಹಾಕಿ ಬರೋಣ ಎಂದುಕೊಂಡೆ. ಮನಸ್ಸಿನಲ್ಲಿ ಚಂದ್ರಿಯನ್ನು ಅವಳಿಗೆ ಯಾವತ್ತೋ ಕೊಟ್ಟಾಗಿತ್ತು. ಆದರೆ ನನ್ನ ಮನಸ್ಸಿನಲ್ಲಿ ಇರುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಬಾಯಿಂದ ಹೊರಗೆ ಬಂದದ್ದು ಬರೀ ಗದರಿಕೆ.

ತಿಂಗಳು ತುಂಬುವ ದಿನ ನಾನೊಂದು ಮದುವೆಯ ಅಡುಗೆ ಒಪ್ಪಿಕೊಂಡಿದ್ದೆ. ಹಾಗಾಗಿ ಎರಡು ದಿನ ಮುಂಚೆಯೇ ಹೋಗಿ ಬಂದುಬಿಡೋಣ ಎಂದು, ಹೊರಡುವ ಹಿಂದಿನ ಸಂಜೆ ಫೋನು ಮಾಡಿ, "ನಾಳೆ ಮುಂಜಾನಿ ಬರ್ತೇನಿ ನೋಡ" ಎಂದೆ.

"ತಿಂಗಳ ಆಗಿಲ್ಲಲ್ರಿ ಅಕ್ಕಾರ."

"ಆಗಿಲ್ಲಂದ್ರ ಏನಾತು? ಒಂದೆರಡ ದಿನಾ ಹಿಂದ ಮುಂದ."

"ಆತ್ರಿ. ಬರ್ರಿ" ಎಂದಳು.

ಬೆಳಿಗ್ಗೆ ನಾಷ್ಟಾದ ಗಿರಾಕಿಗಳನ್ನು ಮುಗಿಸಿ ಹೊರಟೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದು. ಮಸಗುಪ್ಪಿಯ ಹೊಲದ ದಾರಿಗೆ ಇಳಿದಾಗ ದೂರದಿಂದಲೇ ಸತ್ತೆವ್ವ ಓಡಿ ಬರುವುದು ಕಂಡಿತು. ಬರಿಗಾಲು, ಕೂದಲು ಬಿಚ್ಚಿಹೋಗಿತ್ತು.

"ಚಂದ್ರಿ ಹೆಂಗರೆ ಮಾಡಾಕತ್ತೇತ್ರಿ ಅಕ್ಕಾರ. ಬರ್ರಿ, ಲಗೂನ ಬರ್ರಿ."

ಕೊಟ್ಟಿಗೆಯ ಮುಂದೆ ಚಂದ್ರಿ ಒಂದು ಮಗ್ಗುಲಿಗೆ ಬಿದ್ದಿತ್ತು. ಬಾಯಿಯಿಂದ ನೊರೆ, ಕಣ್ಣಿನಿಂದ ನೀರು, ಕಾಲು ನಾಲ್ಕೂ ಸೆಟೆದು ಮೈಯೆಲ್ಲ ನಡುಗುತ್ತಿತ್ತು. ಮೈ ಒದ್ದೆ. ಬಗ್ಗಿದೊಡನೆ ಮೂಗಿಗೆ ಬಡಿಯಿತು, ಕಬ್ಬಿಗೆ ಹೊಡೆಯುವ ಕೀಟನಾಶಕದ ವಾಸನೆ.

"ಏನ ಹಚ್ಚೀದಿ ಇದಕ್ಕ?"

ಅವಳು ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಗೋಡೆಯ ಮೇಲೆ ಬಾಟಲಿ, ಕೆಳಗೆ ಬಕೆಟ್ಟು, ಹಳೆಯ ಬಟ್ಟೆ. ನಮ್ಮ ಕಡೆ ಎತ್ತಿಗೆ ಉಣ್ಣಿ ಹತ್ತಿದರೆ ಇದನ್ನೇ ಮಾಡುತ್ತಾರೆ. ಒಂದು ಬಕೆಟ್ಟು ನೀರಿಗೆ ಒಂದು ಮುಚ್ಚಳ ಔಷಧ ಹಾಕಿ, ಬಟ್ಟೆ ಅದ್ದಿ ಮೈ ಒರೆಸುತ್ತಾರೆ. ಉಣ್ಣಿ ಉದುರಿ ಬೀಳುತ್ತವೆ. ಯಾರೂ ಅದನ್ನು ತಪ್ಪು ಎನ್ನುವುದಿಲ್ಲ, ಎಲ್ಲರ ಕೊಟ್ಟಿಗೆಯಲ್ಲೂ ಅದೇ ಬಾಟಲಿ ಇರುತ್ತದೆ.

ನಾನು ಸಪ್ನಾಗೆ ಫೋನು ಹಚ್ಚಿದೆ. ಅವಳು ಡಾಕ್ಟರನ್ನು ಹಿಡಿದಳು. ಅವರು ಅಂದು ಕಲ್ಲೋಳಿಯಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದರು. ಮೊದಲು ಸಾಬೂನು ಹಚ್ಚಿ ಮೈ ತೊಳೆಯಿರಿ, ಆಮೇಲೆ ಎತ್ತಿಕೊಂಡು ಇಲ್ಲಿಗೇ ಬನ್ನಿ ಎಂದರು. ಶೆಟ್ಟೆಪ್ಪ ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣಿನಲ್ಲಿ ಕೊಡದ ಮೇಲೆ ಕೊಡ ನೀರು ತಂದು ಸುರಿದ. ನಾವಿಬ್ಬರೂ ತಿಕ್ಕಿದೆವು. ತಿಕ್ಕುತ್ತಲೇ ನನ್ನ ಬಾಯಿ ಶುರುವಾಯಿತು.

"ಕಣ್ಣ ಕಾಣಂಗಿಲ್ಲೇನ ನಿನಗ? ನಾಯಿ ಮೈ ನೆಕ್ಕಿಕೋತೈತಿ, ಅಷ್ಟೂ ತಿಳೀಲಿಲ್ಲ? ವಿಷಾ ಹಚ್ಚಿ ಬಿಟ್ಟೀಯಲ್ಲ. ಎತ್ತಿಗೆ ಹಚ್ಚಿದ್ರೂ ಆರೂತನಕ ಬಿಗಿ ಕಟ್ಟತೀರೋ ಇಲ್ಲೋ, ನೆಕ್ಕಬಾರದಂತ?"

"ಕಟ್ಟತೀವ್ರಿ" ಎಂದಳು ಸತ್ತೆವ್ವ. ಕೈ ಮಾತ್ರ ತಿಕ್ಕುತ್ತಲೇ ಇತ್ತು. "ಗೊತ್ತೈತ್ರಿ ನನಗ, ಕಟ್ಟಬೇಕಂತ. ಹಗ್ಗಾನೂ ತಂದಿದ್ನಿ. ನೀವು ಹಗ್ಗ ಹಾಕಿದ್ರ ಒಯ್ತೇನಿ ಅಂದಿದ್ರಿ. ಒಂದ ಘಳಿಗಿನೂ ಹಾಕಬಾರದಂತ ಅಂದಿದ್ರಿ. ಕೈಯಿಂದ ಹಿಡ್ಕೊಂಡ ಕುಂತಿದ್ನಿ. ಎತ್ತಿಗೆ ಮೇವ ಹಾಕಿ ಬರೂದ್ರಾಗ..."

ಸಾಬೂನಿನ ನೀರು ಕಾಲ ಕೆಳಗೆ ಹರಿಯುತ್ತಿತ್ತು, ಅದರಲ್ಲಿ ಸತ್ತ ಉಣ್ಣಿಗಳು ತೇಲಿ ಹೋಗುತ್ತಿದ್ದವು. ಇಷ್ಟು ದಿನ ಅವನ್ನು ಒಂದೊಂದಾಗಿ ಕೈಯಿಂದ ಕಿತ್ತಿದ್ದಳಂತೆ. ಇನ್ನೂ ದಿನ ಇವೆ, ಅಷ್ಟರಲ್ಲಿ ಮುಗಿಯುತ್ತವೆ ಎಂದುಕೊಂಡಿದ್ದಳಂತೆ. ನಾಳೆಯೇ ಬರುತ್ತೇನೆ ಎಂದು ನಾನು ಹೇಳಿದ ಮೇಲೆ ನಸುಕಿನಲ್ಲಿ ಎದ್ದು ಬಾಟಲಿ ಇಳಿಸಿದ್ದಾಳೆ. ಇದೆಲ್ಲ ಶೆಟ್ಟೆಪ್ಪ ಹೇಳಿದ, ಖಾಲಿ ಕೊಡ ಹಿಡಿದು ನಿಂತು.

ಸ್ಕೂಟಿ ನಾನು ಹೊಡೆದೆ. ಹಿಂದೆ ಸತ್ತೆವ್ವ, ಅವಳ ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಚಂದ್ರಿ. ಆ ನಡುಕ ನನ್ನ ಬೆನ್ನಿಗೆ ತಾಕುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಾರ್ನು ಹೊಡೆದು ಹೊಡೆದು ಹೆಬ್ಬೆರಳು ನೋಯತೊಡಗಿತು. ಡ್ರೈವರುಗಳ ಹಾಡು ಡ್ರೈವರುಗಳಿಗೆ, ಯಾರೂ ಜಾಗ ಬಿಡಲಿಲ್ಲ. ಸತ್ತೆವ್ವ ಹಿಂದಿನಿಂದ ಒಂದೇ ಮಾತು ಹೇಳುತ್ತಿದ್ದಳು, "ಬಂತ ನೋಡ ಚಂದ್ರಿ, ಬಂತ ನೋಡ." ಕಲ್ಲೋಳಿ ಹತ್ತಿರ ಬಂದಾಗ ಬೆನ್ನಿಗೆ ನಡುಕ ತಾಕುವುದು ಕಡಿಮೆಯಾಯಿತು. ಸುಧಾರಿಸಿತು ಎಂದುಕೊಂಡೆ. ದೇವರೇ, ನಾನು ಹಾಗೆಯೇ ಅಂದುಕೊಂಡೆ.

ಊರ ಹೊರಗಿನ ಬೇವಿನ ಮರದ ಕೆಳಗೆ ದನಗಳ ಸಾಲು ನಿಂತಿತ್ತು. ಡಾಕ್ಟರು ಕೆಲಸ ಬಿಟ್ಟು ಓಡಿ ಬಂದರು. ನೆಲದ ಮೇಲೆ ಕೌದಿ ಬಿಚ್ಚಿ, ಮೊಣಕಾಲೂರಿ, ರಕ್ತನಾಳ ಹುಡುಕಿ ಒಂದು ಸೂಜಿ ಹಾಕಿದರು. ಸ್ವಲ್ಪ ಹೊತ್ತು ನೋಡಿ ಇನ್ನೊಂದು ಹಾಕಿದರು. ಎದೆಯ ಮೇಲೆ ಕೈಯಿಟ್ಟು ಒತ್ತಿದರು. ದನ ಹಿಡಿದುಕೊಂಡು ಬಂದವರು ಸುತ್ತ ನಿಂತು ನೋಡಿದರು. ಕಡೆಗೆ ಡಾಕ್ಟರು ಕಿವಿಯಿಂದ ಸ್ಟೆತೊಸ್ಕೋಪು ತೆಗೆದು ನನ್ನ ಮುಖ ನೋಡಿದರು.

"ಭಾಳ ಹೊಟ್ಟ್ಯಾಗ ಹೋಗಿತ್ರಿ" ಎಂದರು. ಆಮೇಲೆ ಸತ್ತೆವ್ವನ ಕಡೆ ತಿರುಗಿ, "ನೀವೂ ಕೈ ತೊಳ್ಕೋರಿ ತಂಗಿ, ಮತ್ತೊಮ್ಮೆ ತೊಳ್ಕೋರಿ. ಬರಿಗೈಲೆ ಹಚ್ಚೀರಿ. ತಲಿ ತಿರಗಿದ್ರ, ವಾಂತಿ ಬಂದ್ರ ಲಗೂನ ದವಾಖಾನಿಗೆ ಹೋಗ್ರಿ" ಎಂದರು. ಅವಳು ಹೋಗಿ ದನಗಳ ನೀರಿನ ತೊಟ್ಟಿಯ ನಲ್ಲಿಯಲ್ಲಿ ಕೈ ತೊಳೆದು ಬಂದಳು. ಡಾಕ್ಟರು ಮತ್ತೆ ದನಗಳ ಕಡೆ ಹೋದರು. ನಿಂತಿದ್ದವರೂ ಚದುರಿದರು. ಒಬ್ಬ ಹೋಗುತ್ತ, ನಾಯಿಗೆ ಇಷ್ಟೆಲ್ಲ ಯಾಕೆ ಎಂದ. ಬೇರೆ ದಿನವಾಗಿದ್ದರೆ ಅವನ ಮಾನ ಕಳೆಯುತ್ತಿದ್ದೆ.

ಸತ್ತೆವ್ವ ಅಳುತ್ತಿರಲಿಲ್ಲ. ಚಂದ್ರಿಯ ಬಾಯಿಯ ನೊರೆಯನ್ನು ಕೌದಿಯ ತುದಿಯಿಂದ ಒರೆಸಿದಳು. ಕಿವಿ ಮಡಚಿ ಒಳಗೆ ನೋಡಿದಳು, ಇನ್ನೊಂದನ್ನೂ ನೋಡಿದಳು. ಆಮೇಲೆ ಕೌದಿ ಮುಚ್ಚಿ ಎದ್ದು, ನನ್ನಿಂದ ಒಂದು ಮಾರು ದೂರ ನಿಂತಳು.

"ಅಕ್ಕಾರ, ಇದನ್ನ ನೀವು ಗೋಕಾಕಕ್ಕ ಒಯ್ತೀರೇನ್ರಿ?"

ನನಗೆ ಅರ್ಥವಾಗಲಿಲ್ಲ. "ಯಾಕ?" ಎಂದೆ.

"ಇನ್ನಾ ತಿಂಗಳ ತುಂಬಿಲ್ಲಲ್ರಿ. ನಿಮ್ಮದ ಐತಲ್ರಿ ಇದು. ನೀವ ಒಯ್ಯೂದಾದ್ರ ಒಯ್ರಿ. ಇಲ್ಲಂದ್ರ ನನಗ ಕೊಡ್ರಿ. ನಮ್ಮ ಬಾಗಲಾ ಮುಂದ ಹುಗಿತೇನ್ರಿ."

ಅಳು ಬಂದದ್ದು ನನಗೆ. ದನಗಳ ನಡುವೆ, ರಸ್ತೆಯ ಮಂದಿಯ ಎದುರು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡೆ. ಸಾಬೂನಿನ ವಾಸನೆಯ ಕೆಳಗೆ ಆ ಔಷಧದ ವಾಸನೆ ಇನ್ನೂ ಇತ್ತು.

"ನಿಂದ ಐತಿ, ತಂಗಿ. ಒಯ್ದ ದಿನದಿಂದ ನಿಂದ ಐತಿ. ನಿನ್ನ ಕಡೆಯಿಂದ ನಾ ಯಾವತ್ತೂ ಕಸ್ಕೊಳ್ತಿರಲಿಲ್ಲ."

ಸತ್ತೆವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿನ್ನಿ ಸಂಜಿಮುಂದ ಫೋನಿನ್ಯಾಗ ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾರ" ಎಂದಳು.

ಮತ್ತೆ ಹಿಂದೆ ಕುಳಿತು ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಸಗುಪ್ಪಿಗೆ ತಿರುಗಿ ಬಂದೆವು. ಶೆಟ್ಟೆಪ್ಪ ಬಾಗಿಲ ಮುಂದೆ ಕುಣಿ ತೋಡಿದ, ಮೂವರೂ ಸೇರಿ ಮಣ್ಣು ಎಳೆದೆವು. ರಾತ್ರಿ ನಾನು ಇಲ್ಲೇ ಇರಲೇ ಎಂದು ಕೇಳಿದೆ. ಸತ್ತೆವ್ವ ಬೇಡವೆಂದಳು; ಇವತ್ತೊಂದು ರಾತ್ರಿ ಇದ್ದರೆ ನಾಳೆ ಏನು ಮಾಡುವುದು ಎಂದಳು. ಕರೆಂಟು ಬರುವ ಹೊತ್ತಾಗುತ್ತದೆಂದು ಶೆಟ್ಟೆಪ್ಪ ಬ್ಯಾಟರಿ ಹುಡುಕತೊಡಗಿದ. ನಾನು ಸ್ಕೂಟಿ ತಿರುಗಿಸುವಾಗ ಅವಳು ಒಳಗಿನಿಂದ ಕುಡುಗೋಲು ತಂದು ಹೊಸ್ತಿಲ ಪಕ್ಕ ಇಡುತ್ತಿದ್ದಳು.